ಅಜ್ಜನ ಚೀಟಿ, ಅಜ್ಜಿಯ ಮಾತ್ರೆ: ಆರೋಗ್ಯವಿಮೆಯ ಲೆಕ್ಕ

ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಮಳೆಗಾಲ ಹಿಡಿಯಿತೆಂದರೆ ತೋಟದ ಮನೆಯಿಂದ ಪೇಟೆ ಮುಟ್ಟುವುದೇ ಒಂದು ಸಾಹಸ. ಅಂಥ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ಅಜ್ಜ, ಅಜ್ಜಿ ಇರುವರೆಂದು ಭಾವಿಸೋಣ. ಅಜ್ಜನಿಗೆ ರಕ್ತದೊತ್ತಡ, ಅಜ್ಜಿಗೆ ಸಕ್ಕರೆ ಕಾಯಿಲೆ. ಮೂರೆಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿದ ಮೆಣಸು, ಇಷ್ಟೇ ಅವರ ಆಸ್ತಿ. ಒಂದು ರಾತ್ರಿ ಅಜ್ಜನಿಗೆ ಎದೆನೋವು ಬಂದು ಹಾಸನಕ್ಕೋ ಮಂಗಳೂರಿಗೋ ಒಯ್ಯಬೇಕಾದರೆ ಆ ಖರ್ಚನ್ನು ಹೊರುವವರಾರು?

ಇದಕ್ಕೆ ಉತ್ತರ ಗಣಿತದಲ್ಲಿದೆ. ಸಾವಿರ ಕುಟುಂಬಗಳಲ್ಲಿ ವರ್ಷಕ್ಕೆ ಹತ್ತು ಕುಟುಂಬಗಳಿಗೆ ತಲಾ 1 ಲಕ್ಷ ರೂಪಾಯಿಯ ಚಿಕಿತ್ಸೆ ಬೇಕಾಗುವುದೆನ್ನೋಣ. ಆ ಹತ್ತು ಯಾವುವೆಂದು ಯಾರೂ ಮೊದಲೇ ಹೇಳಲಾರರು. ಆದರೆ ಸಂಖ್ಯೆ ದೊಡ್ಡದಾದಷ್ಟೂ ಒಟ್ಟು ಖರ್ಚಿನ ಅಂದಾಜು ನಿಖರವಾಗುತ್ತದೆ. ಎಲ್ಲರೂ 1,000 ರೂಪಾಯಿ ಕೊಟ್ಟರೆ 10 ಲಕ್ಷ ಕೂಡಿಬರುವುದು. ರೋಗ ಕಂಡವರೂ ರೋಗದ ಭಯವುಳ್ಳವರೂ ಸೇರಿ ನೂರು ಕುಟುಂಬಗಳು ಮಾತ್ರ ಬಂದವೆನ್ನಿ. ಅದೇ ಹೊರೆಗೆ ತಲಾ 10,000 ತೆರಬೇಕು. ನೋಂದಣಿಗೆ ಕೊನೆಯ ದಿನಾಂಕವನ್ನೂ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿಯನ್ನೂ ಇಡುವುದು ಈ ಕಾರಣದಿಂದಲೇ.

ನಮ್ಮ ನಾಡಿನ ರೈತರಿಗೆ ಈ ಗಣಿತ ಹೊಸದಲ್ಲ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯ ಮೊದಲ ವಂತಿಗೆ ತಿಂಗಳಿಗೆ 5 ರೂಪಾಯಿ. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಲೀನವಾದ ಅದು 2022ರಲ್ಲಿ ಮರುಜೀವ ಪಡೆಯಿತು. ಆಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷದ ವಂತಿಗೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ. ಆಯುಷ್ಮಾನ್ ಭಾರತ ಯೋಜನೆಯನ್ನು ಕೇಂದ್ರ ಸರಕಾರವು 2024ರ ಅಕ್ಟೋಬರ್ 29ರಂದು ಆದಾಯದ ಮಿತಿಯಿಲ್ಲದೆ ಎಪ್ಪತ್ತು ತುಂಬಿದವರಿಗೆಲ್ಲ ವಿಸ್ತರಿಸಿತು. ಯಾವ ಯೋಜನೆಯಾದರೂ ಒಪ್ಪಂದಕ್ಕೆ ಸೇರಿದ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸತಕ್ಕದ್ದು.

ಮಿತಿಯನ್ನು ಮೀರಿದ ಖರ್ಚಿಗೆ ಪೂರಕ ವಿಮೆಯುಂಟು. ಇದರಲ್ಲಿ ಎರಡು ಬಗೆ. ಮೂಲವಿಮೆ ವರ್ಷಕ್ಕೆ 5 ಲಕ್ಷ, ಪೂರಕವಿಮೆಯ ಹೊಸ್ತಿಲೂ 5 ಲಕ್ಷ ಎನ್ನಿ. ಒಂದೇ ವರ್ಷ ಎರಡು ಬಾರಿ ತಲಾ 4 ಲಕ್ಷ ಖರ್ಚಾದರೆ, ಸಾಮಾನ್ಯ ಟಾಪ್-ಅಪ್ ಪ್ರತಿ ಬಾರಿಯ ಬಿಲ್ಲನ್ನೂ ಬೇರೆಬೇರೆಯಾಗಿ ನೋಡುವುದರಿಂದ ಏನನ್ನೂ ಕೊಡದು. ಸೂಪರ್ ಟಾಪ್-ಅಪ್ ವರ್ಷದ ಮೊತ್ತ 8 ಲಕ್ಷವನ್ನು ನೋಡಿ ಮಿಕ್ಕ 3 ಲಕ್ಷ ಕೊಡುತ್ತದೆ. ಹೆಸರಿನಲ್ಲಿ ಒಂದು ಪದದ ಅಂತರ, ಹಣದಲ್ಲಿ 3 ಲಕ್ಷದ ಅಂತರ!

ಹಾಗಾದರೆ ಅಜ್ಜಿಯ ದಿನನಿತ್ಯದ ಮಾತ್ರೆ? ಯಶಸ್ವಿನಿಯಂಥ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗಾಗಿ ಇರುವಂಥವು. ವರ್ಷಾನುಗಟ್ಟಲೆ ನುಂಗುವ ಮಾತ್ರೆ ಅವುಗಳ ಹೊರಗೆ ಉಳಿಯುತ್ತದೆ. ಅಮೆರಿಕದಲ್ಲಿಯೂ ಹೀಗೆಯೇ ಆಗಿತ್ತು. ಅಲ್ಲಿ 1965ರಲ್ಲಿ ಹುಟ್ಟಿದ ಮೆಡಿಕೇರ್ ಯೋಜನೆಗೆ ಔಷಧದ ವಿಮೆ ಕೂಡಿಕೊಂಡದ್ದು 2006ರಲ್ಲಿ. ಸಕಾರಣವಿಲ್ಲದೆ ತಡವಾಗಿ ಸೇರಿದವರು ತಿಂಗಳ ಲೆಕ್ಕದಲ್ಲಿ ದಂಡ ತೆರಬೇಕು. ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಮಧುಮೇಹಗಳ ಮಾತ್ರೆಗಳನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. 2008ರಲ್ಲಿ ಆರಂಭವಾದ ಜನೌಷಧಿ ಅಂಗಡಿಗಳೂ ಇವೆ. ದೇಹದಲ್ಲಿ ಕೆಲಸ ಮಾಡುವುದು ಮೆಟ್‌ಫಾರ್ಮಿನ್ ಎಂಬ ರಾಸಾಯನಿಕವೇ ಹೊರತು ಡಬ್ಬಿಯ ಮೇಲಿನ ವ್ಯಾಪಾರನಾಮವಲ್ಲ. ಆದರೂ ವೈದ್ಯರನ್ನು ಕೇಳದೆ ಮಾತ್ರೆ ಬದಲಿಸಲಾಗದು.

ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಅರ್ಜಿ ಓದಬಲ್ಲವರು ಬಹುಶಃ ನೀವೇ. ಈ ಭಾನುವಾರ ಅಜ್ಜನ ಆಧಾರ್, ಪಡಿತರ ಚೀಟಿ, ಸಂಘದ ಸದಸ್ಯತ್ವದ ಕಾಗದ, ಮಾತ್ರೆಗಳ ಪಟ್ಟಿ ಇವನ್ನು ಒಂದೆಡೆ ಇಡಿ. ನೋಂದಣಿಯ ಕೊನೆಯ ದಿನವನ್ನು ಸಂಘದಲ್ಲಿ ವಿಚಾರಿಸಿ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿ. ಎದೆನೋವಿನ ರಾತ್ರಿ ಆ ದಿನ ಕಳೆದುಹೋಗಿದ್ದರೆ ಯಾವ ಗಣಿತವೂ ನೆರವಿಗೆ ಬಾರದು.