ಬೆಳಕಿಗೆ ಮಡಚುವ ಅಣು

ಸ್ವಿಚ್ಚು ಒತ್ತಿದರೆ ದೀಪ ಉರಿಯುವುದು ಸರ್ವವಿದಿತ. ದೀಪ ಉರಿಸಿದರೆ ತಾನೇ ತಿರುಗುವ ಸ್ವಿಚ್ಚೊಂದಿದೆ, ಅದೂ ಒಂದೇ ಅಣುವಿನಷ್ಟು ಸಣ್ಣದು ಎಂದರೆ ಓದುಗರು ನಮ್ಮನ್ನು ಸಂಶಯದಿಂದ ನೋಡಿಯಾರು. ಆದರೆ ಇದನ್ನೋದುವ ಕಣ್ಣಿನೊಳಗೇ ಅಂಥದ್ದಿದೆ. ಅಕ್ಷಿಪಟದಲ್ಲಿ ಬಾಗಿ ಕುಳಿತ ರೆಟಿನಾಲ್ ಅಣು ಬೆಳಕು ತಾಗಿದೊಡನೆ ನೆಟ್ಟಗಾಗುತ್ತದೆ. ನೋಟದ ಮೊದಲ ಹೆಜ್ಜೆಯೇ ಅದು.

ನಡುವೆ ಒಂದು ಮಾತು. 'ಅಣುಬಾಂಬು' ಎಂಬ ಪದದಿಂದಾಗಿ ಅಣುವೂ ಪರಮಾಣುವೂ ಒಂದೇ ಎಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ಪರಮಾಣುಗಳು ಕೂಡಿದರೆ ಅಣು. ಪಕ್ಕದ ಮಲಯಾಳಂ ತರಗತಿಯಲ್ಲಿ ಇದನ್ನೇ 'ತನ್ಮಾತ್ರ' ಎನ್ನುತ್ತಾರೆ. ನಮ್ಮ ಮಕ್ಕಳಿಗೆ ಎರಡೂ ತಿಳಿದಿರಲಿ. ಆದರೆ ಇಂಥ ಹೊಸ ವಿಷಯವನ್ನು ಕನ್ನಡದಲ್ಲಿ ಹೇಳಲಾಗದೆಂದು ಮನೆಯ ಹಿರಿಯರೇ ಆಡಿಕೊಂಡರೆ ಮಗು ನಂಬಿಬಿಡುತ್ತದೆ. ಹೇಳಿಯೇ ನೋಡೋಣ.

ಅಜೋಬೆಂಜೀನ್ ಎಂಬುದು ಬಣ್ಣ ತಯಾರಿಸುವವರಿಗೆ ಹಳೆಯ ನೆಂಟ. ಬೆಂಜೀನಿನ ಎರಡು ಉಂಗುರಗಳು, ನಡುವೆ ಎರಡು ನೈಟ್ರೋಜನ್ ಪರಮಾಣುಗಳ ಸೇತುವೆ. ಅತಿನೇರಳೆ ಕಿರಣ ಬಿದ್ದರೆ ಅಣು ಪೀಶಕತ್ತಿಯಂತೆ ಮಡಚುತ್ತದೆ. ನೀಲಿ ಬೆಳಕೋ ಬಿಸಿಯೋ ತಾಗಿದರೆ ಮತ್ತೆ ಚಾಚುತ್ತದೆ. ಚಾಚಿದಾಗ ತುದಿಯಿಂದ ತುದಿಗೆ ಸುಮಾರು 0.9 ನ್ಯಾನೋಮೀಟರ್, ಮಡಚಿದಾಗ 0.55. ಮಿಲಿಮೀಟರಿನ 10 ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರ್. ಬೆಳಕಿನಿಂದಾಗುವ ಈ ಮಾರ್ಪಾಡನ್ನು ಜಿ.ಎಸ್. ಹಾರ್ಟ್ಲಿ 1937ರಲ್ಲಿ ಪ್ರಕಟಿಸಿದರು.

ದ್ರಾವಣದಲ್ಲಿ ಇದು ಸಲೀಸು. ತೊಡಕಿರುವುದು ಅಣುವನ್ನು ಗಟ್ಟಿ ನೆಲದ ಮೇಲೆ ಮಲಗಿಸಿದಾಗ. ಚಿನ್ನದ ಮೇಲಿಟ್ಟರೆ ಬರಿಯ ಅಜೋಬೆಂಜೀನ್ ಬೆಳಕಿಗೆ ಜಗ್ಗುವುದಿಲ್ಲ. ಬೆಳಕಿನಿಂದ ದಕ್ಕಿದ ಶಕ್ತಿಯನ್ನು, ಅಣು ಮಡಚುವ ಮೊದಲೇ, ಲೋಹ ಕಸಿದುಕೊಳ್ಳುತ್ತದೆ. ಚಿನ್ನಕ್ಕೆ ಇಲ್ಲಿ ಬೆಲೆಯಿಲ್ಲವೆನ್ನಿ! ಅಮೆರಿಕದ ಬರ್ಕ್ಲಿಯವರು 2007ರಲ್ಲಿ ಅಣುವಿಗೆ ನಾಲ್ಕು 'ಕಾಲು' ಜೋಡಿಸಿ, ಚಿನ್ನದಿಂದ ತುಸು ಮೇಲೆತ್ತಿ ಅದನ್ನು ತಿರುಗಿಸಬೇಕಾಯಿತು.

ಹಾಗಾದರೆ ವಿದ್ಯುತ್ತು ಹರಿಯದ ನೆಲವೇ ಆಗಬಹುದಲ್ಲ? ಅಲ್ಲಿ ಇನ್ನೊಂದು ಅಡ್ಡಿ. 1981ರಲ್ಲಿ ಬಿನ್ನಿಗ್ ಮತ್ತು ರೋರರ್ ಕಂಡುಹಿಡಿದ ಸೂಕ್ಷ್ಮದರ್ಶಕಕ್ಕೆ ವಿದ್ಯುತ್ತು ಹರಿಯಲೇಬೇಕು. 1986ರಲ್ಲಿ ಬಂದ ಪರಮಾಣುಬಲ ಸೂಕ್ಷ್ಮದರ್ಶಕಕ್ಕೆ ಅದು ಬೇಡ. ಕುರುಡರು ಬೆರಳಿನಿಂದ ಓದುವಂತೆ ಅದರ ಸೂಜಿ ಬಲವನ್ನು ಗ್ರಹಿಸುತ್ತದೆ. 2018ರಲ್ಲಿ ಲಿಯೊನಾರ್ಡ್ ಗ್ರಿಲ್ ಮತ್ತು ಸಂಗಡಿಗರು ಇದೇ ಉಪಕರಣದಿಂದ ಕ್ಯಾಲ್ಸೈಟಿನ ಮೇಲೆ, ಎಂದರೆ ನಮ್ಮ ಸುಣ್ಣಕಲ್ಲಿನ ಸ್ಫಟಿಕದ ಮೇಲೆ, ಅಜೋಬೆಂಜೀನಿನ ಒಂದು ಬಗೆ ಬೆಳಕಿನಿಂದ ಅತ್ತಿತ್ತ ತಿರುಗುವುದನ್ನು ಕಂಡರು. ದ್ರಾವಣದಲ್ಲಿ ಎಷ್ಟು ಸಲೀಸೋ ಹೆಚ್ಚುಕಡಿಮೆ ಅಷ್ಟೇ ಸಲೀಸು! ಸುಣ್ಣಕಲ್ಲು ಅಣುವನ್ನು ಬಿಗಿಯಾಗಿ ಹಿಡಿಯದಿರುವುದೇ ಕಾರಣವೆಂದು ಅವರ ಅಭಿಪ್ರಾಯ. ಆದರೆ ಸಡಿಲ ಹಿಡಿತದ ನೆಲದಲ್ಲಿ ಅಣು ಜಾರಿಹೋಗುವ ಭಯವೂ ಉಂಟು. ಒಂಟಿ ಅಣುವನ್ನು ಜಾರದಂತೆ ನಿಲ್ಲಿಸಿ, ಬೇಕಾದಾಗ ಮಡಚಿಸುವುದು ಈಗಲೂ ಸುಲಭವಲ್ಲ.