ಬಿಸಿಲನಾಡಿನ ಹಳೆಯ ಹಾದಿ

ಮುಂದಾಲೋಚನೆಯಿಲ್ಲದೆ ಹೊರಡುವವರಿಗೆ ವಿಜಯಪುರದಿಂದ ಪಡುವಣಕ್ಕೆ ಸಾಗುವ ಹಳೆಯ ಹಾದಿಯು ಸೊಗಸಾದುದು. ಮೊದಲು ತೊರವೆ, ಕುಮಾರವಾಲ್ಮೀಕಿಯು ರಾಮಾಯಣವನ್ನು ಹಾಡಿದ ಕ್ಷೇತ್ರ. ನೆರೆಯಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲಶಹನು 1599ರಲ್ಲಿ ನವರಸಪುರವನ್ನು ಕಟ್ಟತೊಡಗಿದನು. 1624ರಲ್ಲಿ ಮಲಿಕ್ ಅಂಬರನು ಅದನ್ನು ಹಾಳುಗೆಡವಿದನು.

ತಿಕೋಟೆಯನ್ನು ದಾಟಿ ಕಳ್ಳಕವಟಗಿಯತ್ತ ಹೊರಳಿದರೆ ಮರವೇ ವಿರಳ. ಇದು ಮರಳುಗಾಡಲ್ಲವೆಂಬುದೇನೋ ನಿಜ. ಮಳೆ ತಪ್ಪಿದ ವರ್ಷ ಆ ಭೇದವು ಉಳಿಯುವುದಿಲ್ಲ. ಇಂತಹ ನೆಲದಲ್ಲಿ ದ್ರಾಕ್ಷಿಯೇ ಎನ್ನುವಿರಾ? ಬರದಲ್ಲಿ ಟ್ಯಾಂಕರಿನ ನೀರನ್ನು ಕೊಂಡು ಬಳ್ಳಿಗಳ ಜೀವವುಳಿಸಿದ ಒಕ್ಕಲಿಗರ ಸೀಮೆಯಿದು. ಈಗ ತುಬಚಿ-ಬಬಲೇಶ್ವರ ಏತ ನೀರಾವರಿಯು ಕೃಷ್ಣೆಯನ್ನು ಈ ಎತ್ತರಕ್ಕೆ ತರುತ್ತಿದೆ. ಒಣದ್ರಾಕ್ಷಿಗೆ ಮಾತ್ರ ಇಲ್ಲಿನ ಒಣಹವೆಯೇ ಬೇಕು. ನೆರಳುಚಪ್ಪರಗಳಲ್ಲಿ, ಅಂತಸ್ತು ಅಂತಸ್ತಾಗಿ ಬಿಗಿದ ಜಾಲರಿಗಳ ಮೇಲೆ ಹಣ್ಣು ಬಾಡುವುದನ್ನು ನೋಡಬೇಕಾದರೆ ಮಾರ್ಚಿ ತಿಂಗಳಲ್ಲಿ ಹೊರಡತಕ್ಕದ್ದು.