ಸ್ಪೋರ್ಟ್ಸ್ ಕಾರಿಗೆ ದುಬಾರಿ ಬ್ರೇಕು ಬೇಕೇ?

ಸ್ಪೋರ್ಟ್ಸ್ ಕಾರು ಕೊಂಡವರ ಗಮನ ಮೊದಲ ಆರು ತಿಂಗಳು ಎಂಜಿನ್ ಮೇಲಿರುತ್ತದೆ, ಆಮೇಲೆ ಮೆಲ್ಲಗೆ ಚಕ್ರದ ಕಡೆ ಹೊರಳುತ್ತದೆ. ಅಲಾಯ್ ಚಕ್ರದ ಸಂದಿಯಿಂದ ಇಣುಕುವ ಕೆಂಪು, ಹಳದಿ ಬಣ್ಣದ ದಪ್ಪ ಕ್ಯಾಲಿಪರ್ ಯಾರಿಗೆ ಬೇಡ? ಮ್ಯೂಸಿಕ್ ಸಿಸ್ಟಮ್‌ಗೆ ಲಕ್ಷ ಸುರಿದರೆ ಬೈಯುವ ಮನೆಯವರೂ ಬ್ರೇಕಿಗೆ ಎಂದರೆ ಸುಮ್ಮನಾಗುತ್ತಾರೆ. ಸುರಕ್ಷತೆಯ ವಿಷಯ ತಾನೇ! ಆದರೆ ಆ ಲಕ್ಷಗಳು ನಿಜಕ್ಕೂ ಸುರಕ್ಷತೆಯನ್ನು ತರುತ್ತವೆಯೇ? ಲೆಕ್ಕ ಹಾಕಿ ನೋಡೋಣ.

ಬ್ರೇಕು ಮಾಡುವ ಕೆಲಸ ಒಂದೇ: ಓಟದ ಶಕ್ತಿಯನ್ನು ಶಾಖವಾಗಿ ಬದಲಾಯಿಸುವುದು. ಚಾಲಕನೂ ಸೇರಿ 1500 ಕಿಲೋ ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿ ಸುಮಾರು 580 ಕಿಲೋಜೂಲ್ ಶಕ್ತಿ ಇರುತ್ತದೆ. ಎರಡು ಲೀಟರಿಗೆ ತುಸು ಕಡಿಮೆ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ ಅದು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. 200ರಿಂದ ನಿಲ್ಲಿಸಲು ಸುಮಾರು 2300 ಕಿಲೋಜೂಲ್ ಶಾಖವನ್ನು ಎಲ್ಲಾದರೂ ಇಳಿಸಬೇಕು.

ಆ ಶಾಖದ ಬಹುಪಾಲು ಮೊದಲು ಸೇರುವುದು ಡಿಸ್ಕಿಗೆ. ನಾಲ್ಕೂ ಕಬ್ಬಿಣದ ಡಿಸ್ಕುಗಳು ಸೇರಿ 40 ಕಿಲೋ ಎಂದಿಟ್ಟುಕೊಳ್ಳಿ. 100ರಿಂದ ಒಮ್ಮೆ ನಿಲ್ಲಿಸಿದರೆ ಅವು ಸರಾಸರಿ 30 ಡಿಗ್ರಿಯಷ್ಟು ಬಿಸಿಯೇರುತ್ತವೆ, ಅಷ್ಟೇ. 200ರಿಂದ ನಿಲ್ಲಿಸಿದರೆ 125 ಡಿಗ್ರಿ. ಮುಂದಿನ ಚಕ್ರಗಳ ಮೇಲೆ ಭಾರ ಹೆಚ್ಚು ಬೀಳುವುದರಿಂದ ಮುಂದಿನ ಡಿಸ್ಕುಗಳು ಇನ್ನಷ್ಟು ಕಾಯುತ್ತವೆ. ಒಂದು ಸಲಕ್ಕೆ ಇದು ದೊಡ್ಡ ಸಂಗತಿಯಲ್ಲ. ಡಿಸ್ಕು ಆರುವ ಮೊದಲೇ ಮತ್ತೆ ಮತ್ತೆ ಹೀಗೆ ಮಾಡಿದಾಗ ನಿಜವಾದ ಪರೀಕ್ಷೆ ಶುರುವಾಗುತ್ತದೆ.

ಈಗ ನಾವೆಲ್ಲ ಹೆದರುವ ಸಂದರ್ಭಕ್ಕೆ ಬರೋಣ. ಎಕ್ಸ್‌ಪ್ರೆಸ್‌ವೇನಲ್ಲಿ ಮುಂದಿನ ಲಾರಿ ಏಕಾಏಕಿ ನಿಂತಿತು, ನೀವು ಪೆಡಲ್ ಒತ್ತಿ ಹಿಡಿದಿರಿ. ಎಬಿಎಸ್ ಗಡಗಡ ಎಂದು ಕಾಲಿಗೆ ತಾಗಿತು. ಹಾಗೆ ತಾಗಿತು ಎಂದರೆ, ಟೈರು ತಡೆದುಕೊಳ್ಳುವುದಕ್ಕಿಂತ ಹೆಚ್ಚಿನ ಬಲವನ್ನು ಬ್ರೇಕು ಆಗಲೇ ಕೊಡುತ್ತಿದೆ ಎಂದರ್ಥ. ಅಲ್ಲಿಗೆ ಆರು ಪಿಸ್ಟನ್‌ನ ಕ್ಯಾಲಿಪರ್ ಕೂರಿಸಿದರೂ ಎಬಿಎಸ್ ಇನ್ನೂ ಬೇಗ ಗಡಗಡ ಎಂದೀತೇ ಹೊರತು ಕಾರು ಬೇಗ ನಿಲ್ಲದು. ಒಣ ರಸ್ತೆಯಲ್ಲಿ ಚೆನ್ನಾಗಿ ಕಚ್ಚುವ ಟೈರಿದ್ದರೆ 100ರಿಂದ ನಿಲ್ಲಲು ಸುಮಾರು 39 ಮೀಟರ್ ಸಾಕು. ಆ ಹಿಡಿತ ಐದರಲ್ಲಿ ಒಂದು ಪಾಲು ಕಡಿಮೆಯಾದರೆ 49 ಮೀಟರ್ ಬೇಕು. ಒದ್ದೆ ರಸ್ತೆಯಲ್ಲಿ 65 ಮೀಟರ್ ಆದರೂ ಆಶ್ಚರ್ಯವಿಲ್ಲ. ಕಾಲು ಪೆಡಲ್ ಮುಟ್ಟಲು ಒಂದು ಸೆಕೆಂಡ್ ತಡವಾದರೆ ಅದಕ್ಕೇ 28 ಮೀಟರ್ ಹೋಯಿತು. ಈ ಲೆಕ್ಕದಲ್ಲಿ ಕ್ಯಾಲಿಪರ್‌ನ ಹೆಸರು ಎಲ್ಲೂ ಬರುವುದಿಲ್ಲ.

ಪುಣೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬರಿದ್ದಾರೆ, ಕುಂದಾಪುರದ ಕಡೆಯವರು. ಎರಡನೇ ಕೈಯ ಪೋರ್ಷೆ ಕೇಮನ್ ಕೊಂಡರು. ಭಾನುವಾರ ಬೆಳಗ್ಗೆ ಲೋಣಾವಳ, ವರ್ಷಕ್ಕೆರಡು ಸಲ ಹೆಂಡತಿಯೊಡನೆ ಊರು, ಇದು ಅವರ ಓಡಾಟ. ಮುಂದಿನ ಚಕ್ರಗಳಿಗೆ ದೊಡ್ಡ ಡಿಸ್ಕು, ದೊಡ್ಡ ಕ್ಯಾಲಿಪರ್‌ನ ಕಿಟ್ ಹಾಕಿಸಲು ಲಕ್ಷಗಳ ಕೊಟೇಶನ್ ತಂದಿದ್ದರು. ಹಾಕಿಸಲೇ ಎಂದು ಕೇಳಿದಾಗ, ಮೊದಲು ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ ಎಂದೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ; 2319 ಎಂದರೆ 2019ರ 23ನೇ ವಾರ. ಅವರ ಟೈರು ಏಳು ವರ್ಷ ಹಳೆಯವು, ಹಿಂದಿನ ಮಾಲೀಕರ ಕಾಲದವು. ಗುಂಡಿ ಚೆನ್ನಾಗಿಯೇ ಉಳಿದಿತ್ತು, ರಬ್ಬರು ಮಾತ್ರ ಒಣಗಿ ಗಟ್ಟಿಯಾಗಿತ್ತು. ಕಿಟ್ಟಿನ ಹಣದ ಒಂದು ಭಾಗದಲ್ಲಿ ನಾಲ್ಕು ಒಳ್ಳೆಯ ಟೈರು ಬಂದವು.

ಅವರ ಎರಡನೇ ಪ್ರಶ್ನೆಗೆ ತೂಕವಿತ್ತು. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಏನು ಗತಿ? ಇಲ್ಲಿ ಶಾಖದ ಮಾತು ಬರುತ್ತದೆ. 1500 ಕಿಲೋದ ಕಾರು 500 ಮೀಟರ್ ಎತ್ತರದಿಂದ ಇಳಿದರೆ, 100 ಕಿ.ಮೀ. ವೇಗದಿಂದ ಹನ್ನೆರಡು ಹದಿಮೂರು ಸಲ ನಿಲ್ಲಿಸಿದಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಅಷ್ಟನ್ನೂ ಬ್ರೇಕಿನ ಮೇಲೆ ಹೊರಿಸಿ, ಇಡೀ ದಾರಿ ಪೆಡಲ್ ಮೇಲೆ ಕಾಲಿಟ್ಟೇ ಇಳಿದರೆ ಯಾವ ಬ್ರೇಕಾದರೂ ಕಾದೀತು. ಇದಕ್ಕೆ ಮದ್ದು ನಮ್ಮ ಘಟ್ಟದ ಬಸ್ ಡ್ರೈವರುಗಳಿಗೆ ಚೆನ್ನಾಗಿ ಗೊತ್ತು: ಕೆಳಗಿನ ಗೇರಿಗೆ ಇಳಿಸಿ, ಎಂಜಿನ್ ಹಿಡಿದಿಟ್ಟುಕೊಳ್ಳಲಿ, ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡಿ. ಆಟೊಮ್ಯಾಟಿಕ್ ಕಾರಿನಲ್ಲೂ ಮ್ಯಾನುಯಲ್ ಮೋಡ್ ಇರುವುದು ಇದಕ್ಕೇ.

ಘಟ್ಟದಲ್ಲಿ ಬ್ರೇಕು ಕೈಕೊಡುವ ಬಗೆ ಎರಡು. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲುತ್ತಿಲ್ಲವಾದರೆ ಪ್ಯಾಡು ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಹತ್ತಿಯಂತೆ ಮೆತ್ತಗಾಗಿ ಕೆಳಗಿಳಿಯಿತು ಎಂದರೆ ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ಎಣ್ಣೆಯನ್ನು ಅದುಮಲಾಗದು, ಆವಿಯನ್ನು ಅದುಮಬಹುದು; ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಗಳಲ್ಲೇ ಮುಗಿಯುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಸೇರಿದ ಮೇಲೆ ಆ ಕನಿಷ್ಠ ಮಿತಿ 155. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿರುವ ನಮಗೆ ಇದು ಪುಸ್ತಕದ ಮಾತಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಲು ಆಗುವ ಖರ್ಚು ಕೆಲವು ಸಾವಿರ. ಘಟ್ಟ ಇಳಿಯುವ ಮನೆಮಂದಿಯ ಜೀವಕ್ಕೆ ಲಕ್ಷದ ಕ್ಯಾಲಿಪರ್‌ಗಿಂತ ಇದೇ ಹೆಚ್ಚು ಆಸರೆ.

ಹಾಗಾದರೆ ಪರ್ಫಾರ್ಮೆನ್ಸ್ ಬ್ರೇಕು ಬರೀ ಶೋಕಿಯೇ? ಅಲ್ಲ. 1953ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸನ್ನು ಡನ್‌ಲಪ್ ಡಿಸ್ಕ್ ಬ್ರೇಕು ಹಾಕಿದ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಡ್ರಮ್ ಬ್ರೇಕಿನ ಎದುರಾಳಿಗಳು ಕೂಡ ಮೊದಲ ಸುತ್ತಿನಲ್ಲಿ ಚೆನ್ನಾಗಿಯೇ ನಿಲ್ಲುತ್ತಿದ್ದರು. ಸುತ್ತುಗಳು ಕಳೆದಂತೆ ಡ್ರಮ್ಮು ಕಾದು ಸೋಲುತ್ತಿತ್ತು, ಗಾಳಿಗೆ ತೆರೆದುಕೊಂಡ ಡಿಸ್ಕು ಆರುತ್ತಿತ್ತು. ಜಾಗ್ವಾರ್ ಚಾಲಕರು ಗಂಟೆಗಟ್ಟಲೆ ಕಳೆದ ಮೇಲೂ ತಿರುವಿನ ಹತ್ತಿರದವರೆಗೆ ಹೋಗಿ ಬ್ರೇಕ್ ಹಾಕಬಲ್ಲವರಾಗಿದ್ದರು. ಮೊದಲ ಸಲ ನಿಲ್ಲಿಸುವುದು ಟೈರಿನ ಕೆಲಸ. ಇಪ್ಪತ್ತನೇ ಸಲವೂ ಹಾಗೆಯೇ ನಿಲ್ಲಿಸುವುದು ಒಳ್ಳೆಯ ಬ್ರೇಕಿನ ಕೆಲಸ.

ಆ ಇಪ್ಪತ್ತನೇ ಸಲ ನಮ್ಮ ದೇಶದಲ್ಲಿ ಬರುವುದು ರೇಸ್ ಟ್ರ್ಯಾಕಿನಲ್ಲಿ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ 5.125 ಕಿ.ಮೀ. ಉದ್ದ. ಅಲ್ಲಿನ ಒಂದು ಕಿಲೋಮೀಟರ್ ದಾಟಿದ ನೇರ ಹಾದಿಯ ತುದಿಯಲ್ಲಿ ವೇಗದ ಕಾರು 200 ಮೀರಿರುತ್ತದೆ, ಅಲ್ಲೇ ಬಿಗಿ ತಿರುವು. 200ರಿಂದ 80ಕ್ಕೆ ಇಳಿಸಿದರೆ ಡಿಸ್ಕಿಗೆ ಸುಮಾರು 100 ಡಿಗ್ರಿ ಸೇರುತ್ತದೆ. ಅದು ಆರುವಷ್ಟರಲ್ಲಿ ಮುಂದಿನ ತಿರುವು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲೂ ಹೀಗೇ, ವೇಗ ಕೊಂಚ ಕಡಿಮೆ ಇರಬಹುದು. ದೆಹಲಿ, ಚೆನ್ನೈಗಳಲ್ಲಿದ್ದು ಟ್ರ್ಯಾಕ್ ಡೇಗಳಿಗೆ ಹೋಗುವವರಾದರೆ ನಿಮಗೆ ಬ್ರೇಕಿನ ಖರ್ಚು ಖಂಡಿತ ಬೇಕು.

ಆಗಲೂ ಒಂದು ಕ್ರಮವಿದೆ. ಮೊದಲು 300 ಡಿಗ್ರಿ ದಾಟಿದ ಮೇಲೆ ಕುದಿಯುವ ರೇಸಿಂಗ್ ಆಯಿಲ್. ಆಮೇಲೆ ಹೆಚ್ಚು ಶಾಖ ತಡೆಯುವ ಪ್ಯಾಡು. ಅಪ್ಪಟ ಟ್ರ್ಯಾಕ್ ಪ್ಯಾಡು ತಣ್ಣಗಿದ್ದಾಗ ಸರಿಯಾಗಿ ಕಚ್ಚುವುದಿಲ್ಲ, ಕಿರುಗುಟ್ಟುತ್ತದೆ. ಆಫೀಸಿಗೆ ಹೋಗುವ ಕಾರಿನಲ್ಲಿ ಅದನ್ನೇ ಇಟ್ಟುಕೊಳ್ಳಬೇಡಿ. ಇವೆರಡೂ ಸಾಲದೆ ಹೋದರೆ ಮಾತ್ರ ದೊಡ್ಡ ಡಿಸ್ಕು, ಕ್ಯಾಲಿಪರ್. ಕೊಳ್ಳುವುದಾದರೆ ನಿಮ್ಮದೇ ಮಾದರಿಯ ಕಾರಿಗೆ ಲೆಕ್ಕ ಹಾಕಿ ಮಾಡಿದ ಕಿಟ್ ಇರಲಿ. ಮುಂದಿನ ಬ್ರೇಕು ಮಾತ್ರ ಅಳತೆಮೀರಿ ಬಲವಾದರೆ ಹಿಂದಿನ ಚಕ್ರಗಳು ತಮ್ಮ ಪಾಲಿನ ಕೆಲಸ ಮಾಡುವುದಿಲ್ಲ, ಕಾರು ಮೊದಲಿಗಿಂತ ದೂರ ಹೋಗಿ ನಿಲ್ಲಲೂಬಹುದು. ದೊಡ್ಡ ಡಿಸ್ಕಿಗೆ ದೊಡ್ಡ ಚಕ್ರ, ಅದಕ್ಕೆ ತೆಳ್ಳಗಿನ ಟೈರು. ನಮ್ಮ ಗುಂಡಿಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ.

ಕಾರ್ಬನ್ ಸೆರಾಮಿಕ್ ಡಿಸ್ಕಿನ ಕತೆ ಬೇರೆ. ಪೋರ್ಷೆ 2001ರಲ್ಲಿ 911 ಜಿಟಿ2 ಕಾರಿನೊಂದಿಗೆ ಇದನ್ನು ತಂದಿತು. ಕಬ್ಬಿಣದ ಡಿಸ್ಕಿನ ಅರ್ಧದಷ್ಟೇ ತೂಕ, ತುಕ್ಕಿಲ್ಲ, ಚಕ್ರಕ್ಕೆ ಮೆತ್ತುವ ಕಪ್ಪು ಪುಡಿಯೂ ಕಡಿಮೆ. ಊರಿನ ಓಡಾಟದಲ್ಲಿ ಬಹುಕಾಲ ಬಾಳುತ್ತದೆ. ಟ್ರ್ಯಾಕಿನ ಶಾಖಕ್ಕೆ ಸವೆದರೆ ಹೊಸದರ ಬೆಲೆ ಎದೆ ನಡುಗಿಸುವಂಥದ್ದು. ಆದ್ದರಿಂದಲೇ ಟ್ರ್ಯಾಕಿಗೆ ಹೋಗುವ ಅನೇಕರು ಕಬ್ಬಿಣವನ್ನೇ ಆರಿಸಿಕೊಳ್ಳುತ್ತಾರೆ.

ಕಾಗದಪತ್ರದ ವಿಷಯವೂ ಒಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಕಿಟ್ ಹಾಕಿಸುವ ಮೊದಲೇ ವಿಮಾ ಕಂಪನಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಪ್ಯಾಡು, ಆಯಿಲ್‌ಗಳನ್ನು ಬಿಲ್ ಕೊಡುವ ಅಧಿಕೃತ ಮಾರಾಟಗಾರರಲ್ಲೇ ಕೊಳ್ಳಿ.

ಕೊಟೇಶನ್ ಕೈಯಲ್ಲಿ ಹಿಡಿದು ಯೋಚಿಸುತ್ತಿರುವವರು ಕಳೆದ ಒಂದು ವರ್ಷ ನೆನಪಿಸಿಕೊಳ್ಳಿ. ಪೆಡಲ್ ಮೆತ್ತಗಾಗಿತ್ತೇ? ಒತ್ತಿದರೂ ಕಾರು ಜಾರುತ್ತಿದೆ ಎನಿಸಿತ್ತೇ? ಒಮ್ಮೆಯೂ ಇಲ್ಲವೆಂದಾದರೆ ನಿಮ್ಮ ಬ್ರೇಕು ಇನ್ನೂ ತನ್ನ ಮಿತಿ ಮುಟ್ಟಿಲ್ಲ. ಹೌದು ಎಂದಾದರೆ ಮೊದಲು ಗ್ಯಾರೇಜಿಗೆ ಹೋಗಿ ಆಯಿಲ್, ಪ್ಯಾಡು, ಟೈರು ಮೂರನ್ನೂ ತೋರಿಸಿ. ಅಲ್ಲೇನೂ ದೋಷ ಸಿಗದಿದ್ದರೆ ಮಾತ್ರ ಕೆಂಪು ಬೇಕೋ ಹಳದಿ ಬೇಕೋ ಎಂದು ಯೋಚಿಸಿ.